ಬೆಕ್ಕಿಗೆ ಶುಗರ್ ಅಂದರು, ಇನ್ನು ಮನೆಯಲ್ಲಿ ಏನು ಮಾಡುವುದು?

ಬೆಕ್ಕಿಗೂ ಶುಗರ್ ಬರುತ್ತದೆ ಅಂದರೆ ನಗುವವರು ಇನ್ನೂ ಇದ್ದಾರೆ. ಬರುತ್ತದೆ, ಅಷ್ಟೇನೂ ಅಪರೂಪವಲ್ಲ. ನಮ್ಮ ಅಪ್ಪ ಅಮ್ಮಂದಿರಿಗೆ ವಯಸ್ಸಾದ ಮೇಲೆ ಬರುವ ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ ಇದು ತುಂಬ ಹತ್ತಿರದ್ದು. ಮೈಯಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಮೈ ಅದರ ಮಾತು ಕೇಳುವುದಿಲ್ಲ. ಬರಬರುತ್ತಾ ಮೇದೋಜೀರಕ ಗ್ರಂಥಿಯೂ ಸೋತು ಇನ್ಸುಲಿನ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಏಳೆಂಟು ವರ್ಷ ದಾಟಿದ, ಮನೆಯೊಳಗೇ ಮಲಗಿ ದಪ್ಪಗಾದ, ಮರಿಯಾಗದಂತೆ ಆಪರೇಷನ್ ಆಗಿರುವ ಗಂಡು ಬೆಕ್ಕುಗಳಲ್ಲಿ ಜಾಸ್ತಿ. ಅಲರ್ಜಿಗೋ ಉಬ್ಬಸಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡ ಬೆಕ್ಕಿಗೂ ಬರಬಹುದು.

ಯಾವ ಇನ್ಸುಲಿನ್, ಎಷ್ಟು ಯೂನಿಟ್ ಅನ್ನುವುದನ್ನು ಪಶುವೈದ್ಯರೇ ಹೇಳಬೇಕು. ಆದರೆ ಅವರ ಕೈಗೆ ಬೆಕ್ಕು ಸಿಗುವುದು ಯಾವಾಗಲೋ ಒಮ್ಮೆ, ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅದು ನಿಮ್ಮ ಸೋಫಾದ ಮೇಲೆಯೇ ಇರುತ್ತದೆ. ಆ ಹೊತ್ತಿಗೆ ಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬೆಕ್ಕು ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿದ್ದರೆ, ಸಕ್ಕರೆ ಒಂದು ದಿನ ಜಾಸ್ತಿ ಇದ್ದರೂ ಅನಾಹುತ ಆಗುವುದಿಲ್ಲ. ಅದೇ ಸಕ್ಕರೆ ತೀರಾ ಇಳಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಹಾಗಾಗಿ ಇನ್ಸುಲಿನ್ ವಿಷಯದಲ್ಲಿ ಅನುಮಾನ ಬಂದಾಗ ಕಡಿಮೆಯ ಕಡೆಗೇ ವಾಲಿ.

ಅನುಮಾನ ಬರಬೇಕಾದದ್ದು ಯಾವಾಗ

ಬೆಕ್ಕು ಹೆಚ್ಚು ನೀರು ಕುಡಿಯುವ ಪ್ರಾಣಿಯಲ್ಲ. ನಾಲ್ಕು ಕಿಲೋ ತೂಗುವ ಬೆಕ್ಕು ಸಾಮಾನ್ಯವಾಗಿ ದಿನಕ್ಕೆ 200 ಮಿಲಿ ಒಳಗೇ ಮುಗಿಸುತ್ತದೆ. ಬಟ್ಟಲು ಪದೇ ಪದೇ ಖಾಲಿಯಾಗುತ್ತಿದೆ, ಬಚ್ಚಲಿನ ಬಕೆಟ್ಟಿಗೆ ತಲೆ ಹಾಕುತ್ತಿದೆ ಅಂದರೆ ಅಳೆದು ನೋಡಿ. ಬೆಳಿಗ್ಗೆ ಅಳತೆ ಮಾಡಿ ನೀರು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. 400 ಮಿಲಿ ದಾಟಿದ್ದರೆ ಕಾಯುವುದು ಬೇಡ, ಡಾಕ್ಟರ ಹತ್ತಿರ ಹೋಗಿ. ಕಿಡ್ನಿ ತೊಂದರೆಯಲ್ಲೂ ಥೈರಾಯ್ಡ್ ತೊಂದರೆಯಲ್ಲೂ ಹೀಗೇ ಬಾಯಾರುತ್ತದೆ. ಹಾಗಾಗಿ ಮನೆಯಲ್ಲಿ ಕೂತು ತೀರ್ಮಾನ ಮಾಡುವಂತಿಲ್ಲ.

ನೀರಿನ ಜೊತೆ ಮೂತ್ರವೂ ಜಾಸ್ತಿಯಾಗುತ್ತದೆ. ಲಿಟರ್ ಟ್ರೇಯಲ್ಲಿ ಮೂತ್ರ ಬಿದ್ದು ಕಟ್ಟುವ ಉಂಡೆಗಳು ದೊಡ್ಡದಾಗುತ್ತವೆ. ಮೂತ್ರ ಬಿದ್ದ ಕಡೆ ಇರುವೆ ಮುತ್ತುವುದೂ ಉಂಟು. ಹೊಟ್ಟೆಬಾಕನಂತೆ ತಿಂದರೂ ಬೆನ್ನಿನ ಮೂಳೆ ಕೈಗೆ ಸಿಗತೊಡಗುತ್ತದೆ. ದಪ್ಪ ಬೆಕ್ಕು ತೆಳ್ಳಗಾದರೆ ನಮಗೆ ಖುಷಿಯಾಗಿ ಬಿಡುತ್ತದೆ, ಅಲ್ಲೇ ಎಷ್ಟೋ ಜನ ಏಮಾರುವುದು. ಇನ್ನೊಂದು ಗುರುತು ನಡಿಗೆಯಲ್ಲಿದೆ. ಬೆಕ್ಕು ಬೆರಳ ಮೇಲೆ ನಡೆಯುವ ಪ್ರಾಣಿ. ಸಕ್ಕರೆ ಬಹುಕಾಲ ಏರಿದ್ದು ನರಕ್ಕೆ ಪೆಟ್ಟಾದರೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತದೆ, ಕಿಟಕಿಗೆ ಹಾರಲು ಆಗುವುದಿಲ್ಲ. ಇದಕ್ಕೆ ಎದೆಗುಂದಬೇಡಿ. ಸಕ್ಕರೆ ಹತೋಟಿಗೆ ಬಂದರೆ ಬಹಳ ಬೆಕ್ಕುಗಳಲ್ಲಿ ನಿಧಾನವಾಗಿ ಸರಿಹೋಗುತ್ತದೆ.

ಪರೀಕ್ಷೆಯಲ್ಲಿ ಒಂದು ತೊಡಕಿದೆ. ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಸಕ್ಕರೆ ಡೆಸಿಲೀಟರಿಗೆ 70ರಿಂದ 150 ಮಿಲಿಗ್ರಾಂ ಆಸುಪಾಸು ಇರಬೇಕು. ಆದರೆ ಬುಟ್ಟಿಯಲ್ಲಿ ತುಂಬಿ, ಆಟೋದಲ್ಲಿ ಕುಲುಕಿ, ನಾಯಿ ಬೊಗಳುವ ಕಡೆ ಕೂರಿಸಿದ ಬೆಕ್ಕಿಗೆ ಕಾಯಿಲೆ ಇಲ್ಲದಿದ್ದರೂ ಹೆದರಿಕೆಗೇ ಅದು 300ರವರೆಗೆ ಏರಬಹುದು. ಒಂದು ಸಲದ ಅಂಕಿ ನೋಡಿ ಇನ್ಸುಲಿನ್ ಶುರು ಮಾಡುವುದು ಸರಿಯಲ್ಲ. ಮೂತ್ರದಲ್ಲೂ ಸಕ್ಕರೆ ಇದೆಯೇ ನೋಡಬೇಕು. ಅನುಮಾನ ಉಳಿದರೆ ಫ್ರಕ್ಟೋಸಮೀನ್ ಅನ್ನುವ ರಕ್ತಪರೀಕ್ಷೆ ಇದೆ. ಹಿಂದಿನ ಒಂದೆರಡು ವಾರ ಸಕ್ಕರೆ ಹೇಗಿತ್ತು ಅಂತ ಅದು ಹೇಳುತ್ತದೆ, ಆ ದಿನದ ಗಾಬರಿ ಅದನ್ನು ಕೆಡಿಸುವುದಿಲ್ಲ. ಜೊತೆಗೆ ಹಲ್ಲು, ಮೂತ್ರದ ಸೋಂಕು, ಕಿಡ್ನಿ, ಥೈರಾಯ್ಡ್ ನೋಡಿಸಿ. ವಸಡು ಕೊಳೆತಿದ್ದರೆ ಅಥವಾ ಮೂತ್ರದಲ್ಲಿ ಸೋಂಕಿದ್ದರೆ ಇನ್ಸುಲಿನ್ ಎಷ್ಟು ಹಾಕಿದರೂ ನಾಟುವುದಿಲ್ಲ. ಊರಿನಲ್ಲಿ ಬೆಕ್ಕು ನೋಡುವ ಡಾಕ್ಟರ್ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಬೀದರ್, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಕಡೆ ವಿಚಾರಿಸಬಹುದು.

ಇನ್ಸುಲಿನ್ ಮತ್ತು ಸಿರಿಂಜ್: ಇದನ್ನು ನಿಧಾನವಾಗಿ ಓದಿ

ಬೆಕ್ಕುಗಳಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆ ಅಂತರದಲ್ಲಿ ಇನ್ಸುಲಿನ್ ಕೊಡುತ್ತಾರೆ. ಹೆಚ್ಚಿನ ಕಡೆ ಶುರು ಮಾಡುವುದು ಒಂದು ಯೂನಿಟ್‌ನಿಂದ, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಮನುಷ್ಯರ ಡೋಸ್ ಕೇಳಿ ಅಭ್ಯಾಸವಾದ ಕಿವಿಗೆ ಇದು ಏನೂ ಅಲ್ಲ ಅನಿಸುತ್ತದೆ. ಬೆಕ್ಕಿಗೆ ಅದು ಸಾಕಷ್ಟಾಯಿತು.

ವಿದೇಶಗಳಲ್ಲಿ ಪ್ರಾಣಿಗಳಿಗೆಂದೇ ಮಾಡಿದ ಪ್ರೊಜಿಂಕ್, ಕ್ಯಾನಿನ್ಸುಲಿನ್ ಬಳಸುತ್ತಾರೆ. ನಮ್ಮಲ್ಲಿ ಡಾಕ್ಟರ್ ಬಹುಪಾಲು ಬರೆಯುವುದು ಗ್ಲಾರ್ಜಿನ್ ಅನ್ನುವ ಮನುಷ್ಯರ ಇನ್ಸುಲಿನ್. ಲ್ಯಾಂಟಸ್, ಬೆಂಗಳೂರಿನ ಬಯೋಕಾನ್ ರೂಪಿಸಿದ ಬೇಸಲಾಗ್, ಇವೆಲ್ಲ ಅದೇ ಜಾತಿ. ನಿಧಾನವಾಗಿ, ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ಬೆಕ್ಕಿಗೆ ಹೊಂದುತ್ತದೆ.

ಈಗ ಅಪಾಯದ ಜಾಗಕ್ಕೆ ಬರೋಣ. ನಮ್ಮ ದೇಶದಲ್ಲಿ ಎರಡು ಬಲದ ಇನ್ಸುಲಿನ್ ಒಟ್ಟೊಟ್ಟಿಗೇ ಮಾರಾಟವಾಗುತ್ತದೆ. ಒಂದರಲ್ಲಿ ಮಿಲಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜ್ ಕೂಡ ಎರಡು ಬಗೆ. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ಗ್ಲಾರ್ಜಿನ್ 100ರದ್ದು. ಅದನ್ನು 40ರ ಸಿರಿಂಜಿನಲ್ಲಿ ಒಂದರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು ಒಂದು ಯೂನಿಟ್ ಅಲ್ಲ, ಎರಡೂವರೆ. ನಾಲ್ಕು ಕಿಲೋ ಬೆಕ್ಕನ್ನು ಮಲಗಿಸಲು ಅಷ್ಟು ಸಾಕು. ತಿರುಗುಮುರುಗಾಗಿ 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ ಎಳೆದರೆ ಒಂದು ಯೂನಿಟ್ ಬದಲು 0.4 ಮಾತ್ರ ಹೋಗುತ್ತದೆ. ಆಗ ಸಕ್ಕರೆ ಇಳಿಯುತ್ತಿಲ್ಲ ಅಂತ ಡೋಸ್ ಏರಿಸುತ್ತಾ ಹೋಗುತ್ತಾರೆ, ಒಂದು ದಿನ ಸರಿಯಾದ ಸಿರಿಂಜ್ ಕೈಗೆ ಬರುತ್ತದೆ. ಆ ದಿನ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಔಷಧಿ ಅಂಗಡಿಯಲ್ಲಿ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. "100ರದ್ದು, 0.3 ಮಿಲಿ, ಅರ್ಧ ಯೂನಿಟ್ ಗೆರೆ ಇರುವುದು" ಅಂತ ಕೇಳಿ. ಸಿಗದಿದ್ದರೆ ಆನ್‌ಲೈನ್ ತರಿಸಿ. ಪ್ರತಿ ಹೊಸ ಪ್ಯಾಕೆಟ್ ಬಂದಾಗಲೂ ಸಿರಿಂಜಿನ ಮೇಲಿನ ಸಂಖ್ಯೆ, ಬಾಟಲಿಯ ಮೇಲಿನ ಸಂಖ್ಯೆ ಎರಡನ್ನೂ ಜೋಡಿಸಿ ನೋಡಿ. 300 ಬಲದ ಗ್ಲಾರ್ಜಿನ್ ಪೆನ್ ಕೂಡ ಮಾರುಕಟ್ಟೆಯಲ್ಲಿದೆ. ಅದನ್ನು ಸಿರಿಂಜಿನಿಂದ ಎಳೆಯಲೇಬಾರದು.

ಮನೆಯಲ್ಲಿ ಅಜ್ಜನಿಗೂ ಶುಗರ್ ಇದೆ, ಅವರದ್ದೇ ಬಾಟಲಿಯಿಂದ ಒಂದು ಹನಿ ಕೊಟ್ಟರಾಯಿತು ಅನ್ನುವ ಯೋಚನೆ ಬರಬಹುದು. ಬೇಡ. ಹಿರಿಯರಿಗೆ ಕೊಡುವ 30/70 ಮಿಶ್ರಣದ ಇನ್ಸುಲಿನ್ ಬೆಕ್ಕಿನ ಮೈಯಲ್ಲಿ ಸಕ್ಕರೆಯನ್ನು ಬೇಗ ಇಳಿಸಿ ಬೇಗ ಮುಗಿದುಹೋಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಬೆಕ್ಕಿಗೆ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಅಜ್ಜನ ಔಷಧಿ ಅಜ್ಜನಿಗೇ ಇರಲಿ. ಫ್ರಿಜ್‌ನಲ್ಲಿ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದಿಡಿ.

ಹಾಗಾದರೆ ಬೆಕ್ಕಿಗೆ ಬಾಯಿಂದ ಕೊಡುವ ಔಷಧಿಯೇ ಇಲ್ಲವೇ? ಇದೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಬೆಕ್ಸಾಕ್ಯಾಟ್ ಅನ್ನುವ ಮಾತ್ರೆಗೆ, 2023ರ ಆಗಸ್ಟ್‌ನಲ್ಲಿ ಸೆನ್ವೆಲ್ಗೊ ಅನ್ನುವ ದ್ರವಕ್ಕೆ ಒಪ್ಪಿಗೆ ಸಿಕ್ಕಿತು. ಹೆಚ್ಚಿನ ಸಕ್ಕರೆಯನ್ನು ಇವು ಮೂತ್ರದಲ್ಲಿ ಹೊರಗೆ ಹಾಕಿಸುತ್ತವೆ. ಆದರೆ ಮೊದಲೇ ಇನ್ಸುಲಿನ್ ಮೇಲಿರುವ ಬೆಕ್ಕಿಗೆ, ಸೊರಗಿ ಹೋದ ಬೆಕ್ಕಿಗೆ ಇವು ಅಲ್ಲ. ರಕ್ತದಲ್ಲಿ ಸಕ್ಕರೆ ಜಾಸ್ತಿ ಕಾಣದಿದ್ದರೂ, ಮೈಯ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಅನ್ನುವ ಹುಳಿ ಅಂಶ ಏರಿ ಬೆಕ್ಕು ಸಾಯುವ ಅಪಾಯ ಇವುಗಳಲ್ಲಿದೆ. ಅದೇ ಗುಂಪಿನ ಮನುಷ್ಯರ ಮಾತ್ರೆಯನ್ನು ಮುರಿದು ಕೊಡುವ ಸಾಹಸವಂತೂ ಖಂಡಿತ ಬೇಡ. ಮೆಂತ್ಯದ ನೀರು, ಹಾಗಲಕಾಯಿ ರಸದ ಸಲಹೆ ಕೊಡುವ ನೆಂಟರಿಗೆ ಒಂದು ನಗು ಸಾಕು.

ಇನ್ಸುಲಿನ್ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರೀಜರ್ ಪಕ್ಕ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಬಾಗಿಲಿನ ಅರೆಯೂ ಅಷ್ಟು ಒಳ್ಳೆಯದಲ್ಲ, ತೆರೆದು ಮುಚ್ಚುವಾಗೆಲ್ಲ ಬಿಸಿ ತಾಗುತ್ತದೆ. ಗ್ಲಾರ್ಜಿನ್ ನೀರಿನಷ್ಟು ತಿಳಿಯಾಗಿರಬೇಕು, ಮಬ್ಬಾದರೆ ಬಿಸಾಡಿ. ತೆರೆದ ಮೇಲೆ 28 ದಿನ ಅಂತ ಲೇಬಲ್ ಹೇಳುತ್ತದೆ. ಫ್ರಿಜ್‌ನಲ್ಲೇ ಇಟ್ಟರೆ ಇನ್ನೂ ಸ್ವಲ್ಪ ಕಾಲ ಬಳಸಬಹುದು ಅನ್ನುವ ಡಾಕ್ಟರುಗಳಿದ್ದಾರೆ, ನಿಮ್ಮವರನ್ನು ಕೇಳಿ. ಲೆಕ್ಕ ಹಾಕಿದರೆ 10 ಮಿಲಿ ಬಾಟಲಿಯಲ್ಲಿ 1000 ಯೂನಿಟ್ ಇರುತ್ತದೆ. ದಿನಕ್ಕೆ ಎರಡು ಯೂನಿಟ್ ಬಳಸುವ ಬೆಕ್ಕು ಅದನ್ನು ಮುಗಿಸುವ ಮಾತೇ ಇಲ್ಲ. 3 ಮಿಲಿಯ ಕಾರ್ಟ್ರಿಡ್ಜ್ ಕೊಂಡು ಅದರಿಂದ ಸಿರಿಂಜಿನಲ್ಲಿ ಎಳೆಯುವ ಬಗ್ಗೆ ಡಾಕ್ಟರನ್ನು ಕೇಳಿದರೆ ದುಡ್ಡು ಉಳಿಯುತ್ತದೆ.

ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆ 40 ಡಿಗ್ರಿ ದಾಟುತ್ತದೆ, ಅದೇ ಹೊತ್ತಿಗೆ ಕರೆಂಟೂ ಹೋಗುತ್ತದೆ. ಒಂದು ಮಣ್ಣಿನ ಮಡಕೆ, ಅದರೊಳಗೆ ಇನ್ನೊಂದು ಚಿಕ್ಕ ಮಡಕೆ, ನಡುವೆ ಒದ್ದೆ ಮರಳು. ಒಳಮಡಕೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಇನ್ಸುಲಿನ್. ಫ್ರಿಜ್‌ನಷ್ಟು ತಣ್ಣಗಿರುವುದಿಲ್ಲ, ಆದರೆ ಕರೆಂಟ್ ಬರುವವರೆಗೆ ಕಾಪಾಡುತ್ತದೆ.

ಸೂಜಿ ಹಾಕುವುದು

ಜನ ಹೆದರುವುದು ಇದಕ್ಕೆ, ಸುಲಭವಾಗಿ ಕೈಹಿಡಿಯುವುದೂ ಇದೇ. ಸೂಜಿ ಅಷ್ಟು ಸಣ್ಣದು, ಬೆಕ್ಕಿನ ಚರ್ಮ ಅಷ್ಟು ಸಡಿಲ. ತಿನ್ನುತ್ತಿರುವ ಬೆಕ್ಕಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮೊದಲು ಡಾಕ್ಟರ ಮುಂದೆಯೇ ಉಪ್ಪುನೀರಿನ ಸಲೈನ್ ತುಂಬಿ ಒಮ್ಮೆ ಹಾಕಿ ಕಲಿಯಿರಿ.

1. ಊಟ ಮುಂದಿಡಿ. ತಿನ್ನುತ್ತದೆಯೇ ನೋಡಿ. ತಿನ್ನದ ಬೆಕ್ಕಿಗೆ ಮಾಮೂಲಿ ಡೋಸ್ ಕೊಡಬಾರದು, ಡಾಕ್ಟರಿಗೆ ಫೋನ್ ಮಾಡಿ.

2. ಡೋಸ್ ಎಳೆಯಿರಿ. ಗಾಳಿಗುಳ್ಳೆ ಬಂದರೆ ಬೆರಳಿನಿಂದ ತಟ್ಟಿ ಮೇಲೆ ತಂದು ಹೊರಗೆ ಹಾಕಿ. ಒಂದು ಯೂನಿಟ್‌ನಲ್ಲಿ ಗುಳ್ಳೆಯೇ ಅರ್ಧ ಜಾಗ ತಿನ್ನಬಹುದು. ಬೆಳಕಿನಲ್ಲಿ ನೋಡಿ, ಕನ್ನಡಕ ಹಾಕಿಕೊಂಡೇ ನೋಡಿ.

3. ಪಕ್ಕೆಯ ಅಥವಾ ಹೊಟ್ಟೆಯ ಬದಿಯ ಚರ್ಮವನ್ನು ಎರಡು ಬೆರಳಲ್ಲಿ ಮೇಲೆತ್ತಿ. ಎತ್ತಿದ ಮಡಿಕೆಯ ಬುಡಕ್ಕೆ ಸ್ವಲ್ಪ ಓರೆಯಾಗಿ ಸೂಜಿ ಇಳಿಸಿ, ನಿಧಾನವಾಗಿ ಒತ್ತಿ, ತೆಗೆಯಿರಿ. ಒಂದೇ ಕಡೆ ಹಾಕುತ್ತಿದ್ದರೆ ಚರ್ಮ ಗಟ್ಟಿಯಾಗುತ್ತದೆ. ಬೆಳಿಗ್ಗೆ ಎಡ, ಸಂಜೆ ಬಲ, ಹಾಗೆ ಬದಲಿಸಿ.

4. ಕೂದಲು ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಸೂಜಿ ಮಡಿಕೆ ದಾಟಿ ಆಚೆ ಬಂದು ಇನ್ಸುಲಿನ್ ಹೊರಗೆ ಚೆಲ್ಲಿದೆ. ಒಳಗೆ ಎಷ್ಟು ಹೋಯಿತೋ ಗೊತ್ತಿಲ್ಲ. ಇನ್ನೊಮ್ಮೆ ಹಾಕಬೇಡಿ. ಮುಂದಿನ ಹೊತ್ತಿಗೆ ಮಾಮೂಲಿನಂತೆ ಕೊಟ್ಟರಾಯಿತು.

5. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಈ ಐದನೆಯದು ಚಿಕ್ಕದಾಗಿ ಕಾಣುತ್ತದೆ, ಆದರೆ ಮನೆ ತುಂಬ ಜನ ಇರುವಲ್ಲಿ ಇದೇ ದೊಡ್ಡದು. "ಅಮ್ಮಾ, ಪುಟ್ಟನಿಗೆ ಸೂಜಿ ಹಾಕಿದ್ಯಾ?" "ಹಾಕಿದ್ದೆ ಅನ್ಸುತ್ತೆ, ಅಪ್ಪನ್ನ ಕೇಳು." ಎರಡು ಸಲ ಇನ್ಸುಲಿನ್ ಹೋಗುವುದು ಹೀಗೆ. ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ಅಂಟಿಸಿ, ಪಕ್ಕದಲ್ಲೇ ಪೆನ್ನು ಕಟ್ಟಿ. ಗುರುತು ಇದೆಯೋ ಇಲ್ಲವೋ ಅನುಮಾನವಾದರೆ ಆ ಹೊತ್ತಿನದು ಬಿಟ್ಟುಬಿಡಿ.

ಹೊತ್ತು ಅರ್ಧ ಗಂಟೆ, ಒಂದು ಗಂಟೆ ಆಚೀಚೆ ಆದರೆ ಪರವಾಗಿಲ್ಲ. ಬೆಳಿಗ್ಗೆ ಏಳು, ಸಂಜೆ ಏಳು ಅಂತ ನಿಮ್ಮ ಕೆಲಸಕ್ಕೆ ಹೊಂದುವ ಹೊತ್ತನ್ನೇ ಆರಿಸಿಕೊಳ್ಳಿ.

ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಹಾಗೇ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಮನೆಯ ಸೂಜಿ, ಸಿರಿಂಜನ್ನು ಅಪಾಯಕಾರಿ ಕಸ ಅಂತ ಬೇರೆ ಇಟ್ಟಿದ್ದರು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಸಿ, ತುಂಬಿದ ಮೇಲೆ ಕ್ಲಿನಿಕ್ಕಿಗೆ ಕೊಟ್ಟುಬಿಡಿ.

ಬಟ್ಟಲಲ್ಲಿ ಏನಿರಬೇಕು

ನಮ್ಮಲ್ಲಿ ಬೆಕ್ಕಿನ ಊಟ ಅಂದರೆ ಹಾಲು, ಅನ್ನ, ಮೊಸರನ್ನ. ಸಸ್ಯಾಹಾರಿ ಮನೆಗಳಲ್ಲಂತೂ ಅದೇ ಪದ್ಧತಿ. ಇಲಿ, ಓತಿಕ್ಯಾತ ಹಿಡಿದು ತಿನ್ನುತ್ತಿದ್ದ ಬೆಕ್ಕಿಗೆ ಆ ಅನ್ನ ಬರೀ ಮೇಲೋಗರವಾಗಿತ್ತು, ನಡೆದುಹೋಗುತ್ತಿತ್ತು. ಫ್ಲಾಟಿನೊಳಗೇ ಇರುವ ಬೆಕ್ಕಿಗೆ ಅದೇ ಮುಖ್ಯ ಊಟವಾದರೆ ಕಷ್ಟ. ಬೆಕ್ಕು ಮಾಂಸದಿಂದಲೇ ಬದುಕಲು ಹುಟ್ಟಿದ್ದು. ಅಕ್ಕಿ, ಗೋಧಿ, ಜೋಳದ ಪಿಷ್ಟವನ್ನು ಒಮ್ಮೆಗೇ ಸಂಭಾಳಿಸುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ.

ಅಂಗಡಿಯ ಒಣ ಕಾಳಿನ ಆಹಾರವೂ ಈ ವಿಷಯದಲ್ಲಿ ಅನ್ನದ ತಮ್ಮನೇ. ಪ್ಯಾಕೆಟ್ ಮೇಲೆ ಪಿಷ್ಟದ ಲೆಕ್ಕ ಬರೆದಿರುವುದಿಲ್ಲ, ನೀವೇ ಹಾಕಬೇಕು. ಪ್ರೋಟೀನ್, ಕೊಬ್ಬು, ನಾರು, ಬೂದಿ (ಅಂದರೆ ಖನಿಜಾಂಶ), ತೇವಾಂಶದ ಶೇಕಡಾ ಅಂಕಿಗಳನ್ನು ಕೂಡಿಸಿ 100ರಿಂದ ಕಳೆಯಿರಿ. ಉದಾಹರಣೆಗೆ ಒಣ ಆಹಾರದಲ್ಲಿ 32, 10, 5, 9, 10 ಅಂತ ಇದ್ದರೆ ಒಟ್ಟು 66. ಉಳಿದ 34 ಪಿಷ್ಟ. ಪೌಚಿನ ಮೆತ್ತನೆ ಆಹಾರದಲ್ಲಿ 11, 5, 1, 2, 80 ಅಂತಿದ್ದರೆ ಉಳಿಯುವುದು 1. ಪ್ರೋಟೀನಿಗೂ ಪಿಷ್ಟಕ್ಕೂ ಗ್ರಾಮಿಗೆ 3.5, ಕೊಬ್ಬಿಗೆ 8.5 ಕ್ಯಾಲೊರಿ ಹಿಡಿದರೆ ಮೊದಲನೆಯದರಲ್ಲಿ ಶೇ 38ರಷ್ಟು ಶಕ್ತಿ ಪಿಷ್ಟದಿಂದ ಬರುತ್ತದೆ, ಎರಡನೆಯದರಲ್ಲಿ ಶೇ 4. ಸಕ್ಕರೆ ಕಾಯಿಲೆಯ ಬೆಕ್ಕಿಗೆ ಇದು ಸುಮಾರು ಶೇ 12ರ ಒಳಗಿದ್ದರೆ ಒಳ್ಳೆಯದು. ಗ್ರೇವಿ ಇರುವ ಪೌಚಿಗೆ ಗಟ್ಟಿಯಾಗಲಿ ಅಂತ ಹಿಟ್ಟು ಸೇರಿಸುವುದುಂಟು. ಪೇಸ್ಟಿನಂತಿರುವುದು, ಜೆಲ್ಲಿಯಲ್ಲಿರುವುದು ಹೆಚ್ಚಾಗಿ ವಾಸಿ.

ಮನೆಯಲ್ಲೇ ಬೇಯಿಸುವುದಾದರೆ ಮೂಳೆ ತೆಗೆದ ಕೋಳಿ, ಮೀನು, ಮೊಟ್ಟೆ. ಈರುಳ್ಳಿ, ಬೆಳ್ಳುಳ್ಳಿ ಖಂಡಿತ ಬೇಡ, ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಆ ನೀರಿನಲ್ಲೇ ಇಳಿದಿರುತ್ತದೆ. ತಿಂಗಳುಗಟ್ಟಲೆ ಬರೀ ಕೋಳಿ ಹಾಕಿದರೂ ಸಾಲುವುದಿಲ್ಲ, ಕ್ಯಾಲ್ಸಿಯಂ, ಟಾರಿನ್ ಪೂರಕ ಬೇಕು. ಕಿಡ್ನಿಯೂ ಕೆಟ್ಟಿದ್ದರೆ ಪ್ರೋಟೀನ್ ವಿಷಯ ಬೇರೆ, ಅದನ್ನು ಡಾಕ್ಟರೇ ತೂಗಬೇಕು. ಮಾಂಸ ಮುಟ್ಟದ ಮನೆಯವರಿಗೆ ಪೌಚು ಅನುಕೂಲ. ಕತ್ತರಿಸಿ ಬಾಲ್ಕನಿಯ ತಟ್ಟೆಗೆ ಸುರಿದರೆ ಅಡುಗೆಮನೆಗೆ ಬರುವ ಪ್ರಶ್ನೆಯೇ ಇಲ್ಲ.

ಆಹಾರವನ್ನು ಒಂದೇ ದಿನದಲ್ಲಿ ಬದಲಿಸಬೇಡಿ, ಇದಕ್ಕೆ ಎರಡು ಕಾರಣ. ಹೊಸದನ್ನು ಮೂಸಿ ಬಿಟ್ಟರೆ ಬೆಕ್ಕು ಉಪವಾಸ ಬೀಳುತ್ತದೆ. ದಪ್ಪ ಬೆಕ್ಕು ಒಂದೆರಡು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರಬಹುದು. ಎರಡನೆಯದು ಇನ್ಸುಲಿನ್ ಮೇಲಿರುವ ಬೆಕ್ಕಿನ ವಿಷಯ. ಪಿಷ್ಟ ಇಳಿದಂತೆ ಇನ್ಸುಲಿನ್ ಬೇಕಾಗುವುದೂ ಇಳಿಯುತ್ತದೆ. ಹಳೇ ಡೋಸ್ ಹಾಗೇ ಮುಂದುವರಿದರೆ ಸಕ್ಕರೆ ಕುಸಿಯುತ್ತದೆ. ಡಾಕ್ಟರಿಗೆ ಹೇಳಿಯೇ ಬದಲಿಸಿ, ಆ ದಿನಗಳಲ್ಲಿ ರಕ್ತ ಜಾಸ್ತಿ ಸಲ ನೋಡಿ. ದಪ್ಪ ಬೆಕ್ಕಿನ ತೂಕ ಇಳಿಸುವುದೂ ವಾರಕ್ಕೆ ಶೇ 1ರ ಆಸುಪಾಸು ಸಾಕು, ಆತುರ ಬೇಡ.

ಮನೆಯಲ್ಲಿ ರಕ್ತ ನೋಡುವುದು

ಬೆಕ್ಕಿನ ಕಿವಿಯಂಚಿನಲ್ಲಿ ಒಂದು ಸಣ್ಣ ರಕ್ತನಾಳ ಓಡುತ್ತದೆ. ಅದರ ಹತ್ತಿರ ಚುಚ್ಚಬೇಕು. ಮೊದಲು ಕಿವಿಯನ್ನು ಬೆರಳಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ತಣ್ಣಗಿರುವ ಕಿವಿಯಿಂದ ಹನಿ ಬರುವುದಿಲ್ಲ. ಹಿಂದೆ ಹತ್ತಿ ಇಟ್ಟು ಲ್ಯಾನ್ಸೆಟ್‌ನಿಂದ ಚುಚ್ಚಿ, ಹನಿಗೆ ಸ್ಟ್ರಿಪ್ ತಾಗಿಸಿ. ಆಮೇಲೆ ಅದೇ ಹತ್ತಿಯಿಂದ ಸ್ವಲ್ಪ ಹೊತ್ತು ಒತ್ತಿ. ಪ್ರತಿ ಸಲವೂ ಒಂದು ಚೂರು ಕೋಳಿ ಲಂಚ ಕೊಡಿ. ಕೆಲವೇ ದಿನಗಳಲ್ಲಿ ಮೀಟರ್ ಶಬ್ದ ಕೇಳಿದರೆ ತಾನೇ ಬಂದು ಕೂರುವ ಬೆಕ್ಕುಗಳಿವೆ. ಬರದೇ ಓಡಿಹೋಗಿ ಮಂಚದಡಿ ಸೇರುವವೂ ಇವೆ, ಏನು ಮಾಡುವುದು.

ಪ್ರಾಣಿಗಳಿಗೆಂದೇ ಮಾಡಿದ ಆಲ್ಫಾಟ್ರ್ಯಾಕ್ ಮೀಟರ್ ಇದೆ, ಸ್ಟ್ರಿಪ್ ದುಬಾರಿ. ಮನುಷ್ಯರ ಮೀಟರಿನಲ್ಲೂ ಕೆಲಸ ನಡೆಯುತ್ತದೆ. ಆದರೆ ಅದು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಯಾವುದೇ ಇರಲಿ, ಒಂದನ್ನೇ ಬಳಸಿ, ಯಾವುದು ಅಂತ ಡಾಕ್ಟರಿಗೆ ತಿಳಿಸಿ. ಚುಚ್ಚಿಸಿಕೊಳ್ಳದ ಬೆಕ್ಕಿಗೆ ಲಿಬ್ರೆ ಸೆನ್ಸರ್ ಒಂದು ದಾರಿ. ಕೂದಲು ಬೋಳಿಸಿದ ಜಾಗಕ್ಕೆ ಕ್ಲಿನಿಕ್ಕಿನಲ್ಲಿ ಅಂಟಿಸುತ್ತಾರೆ, ಫೋನಿನಲ್ಲೇ ಅಂಕಿ ಕಾಣುತ್ತದೆ. ಅದರ ಆಯಸ್ಸು 14 ದಿನ. ಬೆಕ್ಕು ಅದಕ್ಕೂ ಮೊದಲೇ ಕಿತ್ತು ಹಾಕುವುದು ಮಾಮೂಲು.

ಡಾಕ್ಟರ್ ಹೇಳಿದ ದಿನ ಸೂಜಿಗೆ ಮೊದಲು ಒಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ, ಮುಂದಿನ ಸೂಜಿಯ ತನಕ ನೋಡಿ ಬರೆಯಬೇಕು. ನಮ್ಮ ಕಣ್ಣೆಲ್ಲ ದೊಡ್ಡ ಅಂಕಿಗಳ ಮೇಲೆ ಹೋಗುತ್ತದೆ. ಡಾಕ್ಟರ್ ನೋಡುವುದು ಆ ದಿನದ ಅತಿ ಚಿಕ್ಕ ಅಂಕಿಯನ್ನು. ಅದು 80ರಿಂದ 150ರ ನಡುವೆ ಇದ್ದರೆ ಡೋಸ್ ಹೊಂದಿದೆ ಅಂತ ಲೆಕ್ಕ. 80ರ ಕೆಳಗೆ ಇಳಿದಿದ್ದರೆ, ಬೆಳಿಗ್ಗೆ 350 ಇದ್ದರೂ ಡೋಸ್ ಇಳಿಸುವ ಮಾತು ಬರುತ್ತದೆ, ಏರಿಸುವ ಮಾತಲ್ಲ. ಸೂಜಿಗೆ ಮೊದಲಿನ ಅಂಕಿಯೇ 150ರ ಕೆಳಗಿದ್ದರೆ ಫೋನ್ ಮಾಡಿ ಕೇಳಿ. ಫೋನ್ ಸಿಗದಿದ್ದರೆ ಆ ಹೊತ್ತಿನ ಸೂಜಿ ಬಿಡಿ. ಇವತ್ತು ಜಾಸ್ತಿ ಇದೆ ಅಂತ ಅರ್ಧ ಯೂನಿಟ್ ಏರಿಸಿ, ನಾಳೆ ಇಳಿಸಿ ಆಟ ಆಡಬೇಡಿ. ಒಂದು ಡೋಸ್ ಮೈಗೆ ಒಗ್ಗಲು ಸುಮಾರು ಒಂದು ವಾರ ಬೇಕು.

ರಕ್ತ ನೋಡಲು ಆಗುವುದೇ ಇಲ್ಲವೇ? ನೀರಿನ ಅಳತೆ, ಲಿಟರ್ ಉಂಡೆಯ ಗಾತ್ರ, ವಾರಕ್ಕೊಮ್ಮೆ ತೂಕ, ಇಷ್ಟು ಬರೆದಿಟ್ಟರೂ ಡಾಕ್ಟರಿಗೆ ಬಹಳ ತಿಳಿಯುತ್ತದೆ. ನೀರು ಕಡಿಮೆಯಾಗಿ ತೂಕ ನಿಂತರೆ ದಾರಿ ಸರಿಯಿದೆ.

ಸಕ್ಕರೆ ಕುಸಿದಾಗ

ಬೆಕ್ಕು ತೂರಾಡುತ್ತದೆ, ಎಲ್ಲೋ ನೋಡುತ್ತಾ ಕೂರುತ್ತದೆ, ಕರೆದರೆ ತಿರುಗುವುದಿಲ್ಲ, ನಡುಗುತ್ತದೆ. ಕೆಲವು ಇದ್ದಕ್ಕಿದ್ದಂತೆ ಊಟಕ್ಕೆ ಬಾಯಿ ಬಿಡುತ್ತವೆ. ಮುಂದೆ ಹೋದರೆ ಫಿಟ್ಸ್, ಎಚ್ಚರ ತಪ್ಪುವುದು. ಮೀಟರಿನಲ್ಲಿ 60ರ ಹತ್ತಿರ ಅಥವಾ ಅದಕ್ಕಿಂತ ಕಡಿಮೆ ಬಂದರೆ ಬೆಕ್ಕು ಚೆನ್ನಾಗಿ ಕಂಡರೂ ಇದೇ ಲೆಕ್ಕ. ಮೀಟರ್ ಹುಡುಕುತ್ತಾ ಹೊತ್ತು ಕಳೆಯಬೇಡಿ, ಲಕ್ಷಣ ಕಂಡರೆ ಮೊದಲು ಸಿಹಿ.

ತಿನ್ನುವ ಸ್ಥಿತಿಯಲ್ಲಿದ್ದರೆ ತಕ್ಷಣ ಊಟ ಕೊಡಿ. ಬೇಡ ಅಂದಿದ್ದ ಒಣ ಕಾಳು, ಅನ್ನ ಎಲ್ಲವೂ ಈಗ ಬೇಕು. ತಿನ್ನದಿದ್ದರೆ ಜೇನುತುಪ್ಪ ಅಥವಾ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ವಸಡಿಗೆ ಹಚ್ಚಿ, ಒಟ್ಟು ಒಂದು ಟೀ ಚಮಚದಷ್ಟು. ಎಚ್ಚರವಿಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಇದ್ದರೆ ಹಲ್ಲಿನ ನಡುವೆ ಬೆರಳು ಹಾಕಬೇಡಿ, ತುಟಿಯ ಒಳಬದಿಗೆ ಹಚ್ಚಿ ಗಾಡಿ ಹತ್ತಿ. ಇನ್ನೊಂದು ವಿಷಯ. ಶುಗರ್ ಇರುವವರ ಮನೆಯಲ್ಲಿ ಸಕ್ಕರೆ ಡಬ್ಬಿಯಲ್ಲೇ ಶುಗರ್‌ಫ್ರೀ ಪುಡಿ ಇರುತ್ತದೆ. ಅದರಿಂದ ಇಲ್ಲಿ ಏನೂ ಉಪಯೋಗವಿಲ್ಲ. ಜೇನಿನ ಸಣ್ಣ ಬಾಟಲಿಯೊಂದನ್ನು ಇನ್ಸುಲಿನ್ ಪೆಟ್ಟಿಗೆಯ ಹತ್ತಿರವೇ ಇಡಿ.

ಬೆಕ್ಕು ಎದ್ದು ಕೂತಿತು ಅಂತ ನೀವು ಮಲಗಬೇಡಿ. ಜೇನಿನ ಪ್ರಭಾವ ಬೇಗ ಮುಗಿಯುತ್ತದೆ, ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಒಳಗಿರುತ್ತದೆ. ಊಟ ಹಾಕಿ, ಅರ್ಧ ಗಂಟೆಗೊಮ್ಮೆ ನೋಡುತ್ತಿರಿ, ಡಾಕ್ಟರ್ ಜೊತೆ ಮಾತಾಡದೆ ಮುಂದಿನ ಸೂಜಿ ಹಾಕಬೇಡಿ.

ಇದರ ಎದುರು ತುದಿಯ ಅಪಾಯ ಕೀಟೋನ್. ಊಟ ಬಿಟ್ಟಿದೆ, ವಾಂತಿ ಮಾಡುತ್ತಿದೆ, ಮೂಲೆ ಹಿಡಿದು ಮಲಗಿದೆ, ಉಸಿರು ಜೋರಾಗಿದೆ, ಬಾಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಬರುತ್ತಿದೆ. ಇವುಗಳಲ್ಲಿ ಎರಡು ಕಂಡರೂ ಮನೆಮದ್ದಿಗೆ ಕೂರದೆ, ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ಡ್ರಿಪ್ ಹಾಕದೆ ಇದು ಸರಿಹೋಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಮೂತ್ರದ ಕೀಟೋನ್ ಸ್ಟ್ರಿಪ್ ಒಂದು ಡಬ್ಬಿ ಮನೆಯಲ್ಲಿದ್ದರೆ ಮೊದಲೇ ಸುಳಿವು ಸಿಗುತ್ತದೆ.

ಊರಿಗೆ ಹೋಗಬೇಕಾದಾಗ, ಮತ್ತು ಇನ್ಸುಲಿನ್ ನಿಂತ ಮೇಲೆ

ಮದುವೆ, ಹಬ್ಬ, ಯಾರದೋ ಗೃಹಪ್ರವೇಶ ಬಂದೇ ಬರುತ್ತದೆ. ಒಂದು ಹೊತ್ತಿನ ಸೂಜಿ ತಪ್ಪಿದರೆ ಚಿಂತೆಯಿಲ್ಲ. ತಪ್ಪಿದ್ದನ್ನು ಸೇರಿಸಿ ಮುಂದಿನ ಸಲ ದುಪ್ಪಟ್ಟು ಕೊಡಬಾರದು, ಅಷ್ಟೇ. ಅದಕ್ಕಿಂತ ಹೆಚ್ಚು ಹೊತ್ತು ತಪ್ಪುವಂತಿದ್ದರೆ ಪಕ್ಕದ ಮನೆಯವರಿಗೋ ಕ್ಲಿನಿಕ್ಕಿನ ಸಹಾಯಕರಿಗೋ ಮೊದಲೇ ಎರಡು ಮೂರು ಸಲ ನಿಮ್ಮ ಮುಂದೆ ಹಾಕಿಸಿ ಅಭ್ಯಾಸ ಮಾಡಿಸಿ. ಯಾವ ಸಿರಿಂಜ್, ಯಾವ ಗೆರೆ ಅಂತ ಫೋಟೋ ತೆಗೆದು ಅವರ ಫೋನಿಗೆ ಕಳಿಸಿ. "ತಿನ್ನದಿದ್ದರೆ ಸೂಜಿ ಬೇಡ" ಅಂತ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ನಾಯಿಗಳಲ್ಲಿ ಹೆಚ್ಚಾಗಿ ಕಾಣದ ಒಂದು ಒಳ್ಳೆಯದು ಬೆಕ್ಕುಗಳಲ್ಲಿದೆ. ಬೇಗ ಪತ್ತೆಯಾಗಿ, ಪಿಷ್ಟ ಕಡಿಮೆ ಮಾಡಿ, ಇನ್ಸುಲಿನ್ ಸರಿಯಾಗಿ ಕೊಟ್ಟರೆ, ಕೆಲವು ತಿಂಗಳಲ್ಲಿ ಸೂಜಿಯೇ ಬೇಡವಾಗುವ ಬೆಕ್ಕುಗಳು ಸಾಕಷ್ಟಿವೆ. ಸಕ್ಕರೆ ತಾನಾಗಿ ಇಳಿಯುತ್ತಾ ಬಂದು, ಡೋಸ್ ಅರ್ಧ ಯೂನಿಟ್‌ಗೆ ಬಂದು, ಡಾಕ್ಟರ್ ನಿಲ್ಲಿಸಿ ನೋಡೋಣ ಅನ್ನುತ್ತಾರೆ. ಎಲ್ಲ ಬೆಕ್ಕಿಗೂ ಹೀಗಾಗುವುದಿಲ್ಲ. ಆಗದಿದ್ದರೂ ಸೂಜಿಯ ಜೊತೆಗೇ ಬೆಕ್ಕು ವರ್ಷಗಟ್ಟಲೆ ಚೆನ್ನಾಗಿ ಬದುಕಬಹುದು. ಡೋಸ್ ಏರಿಸುತ್ತಲೇ ಹೋದರೂ ಸಕ್ಕರೆ ಇಳಿಯದೆ, ಬೆಕ್ಕಿನ ಮುಖ, ಪಂಜ ದಪ್ಪಗಾಗುತ್ತಾ ತೂಕವೂ ಏರುತ್ತಿದ್ದರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇರಬಹುದು. ಆ ಪರೀಕ್ಷೆ ಕೇಳಿ ಮಾಡಿಸಿ.

ಇನ್ಸುಲಿನ್ ನಿಂತ ಬೆಕ್ಕಿನ ಊಟ ಮಾತ್ರ ಹಳೇ ದಾರಿಗೆ ಮರಳಬಾರದು. ವಾರ ಎರಡು ವಾರಕ್ಕೊಮ್ಮೆ ಮೂತ್ರದ ಸ್ಟ್ರಿಪ್ ನೋಡಿ, ತಿಂಗಳಿಗೊಮ್ಮೆ ತೂಕ ಹಾಕಿ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ, ಕೆರೆತಕ್ಕೆ ಹೋದರೂ ಸರಿ, "ಇದಕ್ಕೆ ಮೊದಲು ಶುಗರ್ ಇತ್ತು, ಸ್ಟೀರಾಯ್ಡ್ ಬೇಡ" ಅಂತ ಬಾಗಿಲಲ್ಲೇ ಹೇಳಿಬಿಡಿ.